ಎಳೆಹಲಗೆ: ಮನೆಯಂಗಳದ ಗರಡಿ

ತೇರಿನ ದಿನ ಮಿಣಿಹಗ್ಗಕ್ಕೆ ಕೈಹಾಕಿದ್ದೀರಾ? ಹಾಕಿದ್ದರೆ ಒಂದು ಅನುಭವ ನಿಮಗೆ ನೆನಪಿರಬೇಕು. ನೂರಾರು ಮಂದಿ ಒಟ್ಟಾಗಿ ಜಗ್ಗಿದರೂ ತೇರು ಮೊದಲು ಮಿಸುಕುವುದಿಲ್ಲ. ಗಾಲಿಗೆ ಸನ್ನೆ ಕೊಟ್ಟು ಮೀಟಬೇಕು, ಎಲ್ಲರೂ ಒಂದೇ ಉಸಿರಿಗೆ ಎಳೆಯಬೇಕು. ಒಮ್ಮೆ ಅಲುಗಿತೆಂದರೆ ಆಮೇಲೆ ಅಷ್ಟು ಕಷ್ಟವಿಲ್ಲ. ಆ ಒಂದು ಗಳಿಗೆಯಲ್ಲಿ ನಮ್ಮ ಮೈಯ ಯಾವ ಯಾವ ಭಾಗ ದುಡಿಯಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಇಟ್ಟರೆ ಪಟ್ಟಿ ದೊಡ್ಡದೇ ಆಗುತ್ತದೆ: ನೆಲವನ್ನು ಒತ್ತಿ ಹಿಡಿದ ಪಾದ, ಮೀನಖಂಡ, ತೊಡೆ, ಪಿರ್ರೆ, ಸೊಂಟ, ಬೆನ್ನು, ಭುಜ, ಕೊನೆಗೆ ಹಗ್ಗವನ್ನು ಬಿಡದ ಬೆರಳುಗಳು. ಎಳೆಯುವುದೆಂದರೆ ಇಡೀ ಮೈ ಒಂದಾಗಿ ಮಾಡುವ ಕೆಲಸ.

ಈ ಕೆಲಸವನ್ನೇ ವ್ಯಾಯಾಮವಾಗಿ ಮಾಡಿಕೊಂಡವರು ಇದ್ದಾರೆ. ಹೊರದೇಶಗಳ ಓಟಗಾರರು, ಭಾರ ಎತ್ತುವವರು ಚಕ್ರವಿಲ್ಲದ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಭಾರ ಹೇರಿ, ಅದಕ್ಕೆ ಹಗ್ಗ ಕಟ್ಟಿ ಎಳೆಯುತ್ತಾರೆ. ಕೆಲವರು ಹಿಂದಿನಿಂದ ತಳ್ಳುತ್ತಾರೆ. ಹಿಮದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿಯ ಹೆಸರೇ ಇದಕ್ಕೂ ಬಂದಿದೆ: ಸ್ಲೆಡ್. ನಾವು ಇದನ್ನು ಎಳೆಹಲಗೆ ಎಂದು ಕರೆಯೋಣ. ಹೆಸರು ಹೊಸದಾದರೂ ವಸ್ತು ನಮಗೆ ಹೊಸದಲ್ಲ. ಉತ್ತ ಹೊಲದಲ್ಲಿ ಹೆಂಟೆ ಒಡೆಯಲು ಎತ್ತು ಕಟ್ಟಿ ಕೊರಡು ಹೊಡೆಯುವುದನ್ನು ನೀವು ಕಂಡಿರುತ್ತೀರಿ. ಕರಾವಳಿಯ ಕಂಬಳದಲ್ಲಿ ಹಲಗೆಯ ಮೇಲೆ ನಿಂತವನನ್ನು ಕೋಣಗಳು ಕೆಸರಿನಲ್ಲಿ ಎಳೆದೋಡುತ್ತವೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯವುಂಟು. ಕುಸ್ತಿಯ ಅಖಾಡಗಳಲ್ಲಿ ಅಗೆದ ಮಣ್ಣನ್ನು ಸಮಮಾಡಲು ಹಲಗೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಪದ್ಧತಿಯೂ ಇದೆ. ಅಲ್ಲಿ ಅಖಾಡದ ಕೆಲಸವೂ ಆಯಿತು, ಪೈಲ್ವಾನನ ಸಾಮೂ ಆಯಿತು.

"ಪೈಲ್ವಾನರಿಗೆ ಸರಿ, ಕಚೇರಿಗೆ ಹೋಗಿ ಬರುವ ನನಗೇಕೆ? ಮಕ್ಕಳನ್ನು ಶಾಲೆಗೆ ಕಳಿಸಿ ಮನೆ ನೋಡಿಕೊಳ್ಳುವ ನನಗೇಕೆ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹಿಂದಿನ ಮನೆಗಳಲ್ಲಿ ಬಾವಿಯಿಂದ ನೀರು ಸೇದಬೇಕಿತ್ತು, ಒರಳಿನಲ್ಲಿ ರುಬ್ಬಬೇಕಿತ್ತು, ಬೀಸುವ ಕಲ್ಲು ತಿರುಗಿಸಬೇಕಿತ್ತು. ಆ ದುಡಿಮೆಯನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಅದು ಎಷ್ಟೋ ಹೆಂಗಸರ ಬೆನ್ನು ಮುರಿದಿದೆ. ನಲ್ಲಿ ಬಂತು, ಮಿಕ್ಸಿ ಬಂತು, ಒಳ್ಳೆಯದೇ ಆಯಿತು. ಆದರೆ ಬೆನ್ನಿನ ಭಾರ ಇಳಿದಾಗ, ಆ ಭಾರದಿಂದ ಮೈಗೆ ಬರುತ್ತಿದ್ದ ಕಸುವೂ ಸದ್ದಿಲ್ಲದೆ ಇಳಿದುಹೋಯಿತು.

ಮೂವತ್ತು ದಾಟಿದ ಮೇಲೆ ಸ್ನಾಯುವಿನ ಗಾತ್ರ ಹತ್ತು ವರ್ಷಕ್ಕೆ ಶೇಕಡಾ ೩ರಿಂದ ೮ರವರೆಗೆ ಕುಗ್ಗುತ್ತ ಹೋಗುತ್ತದೆಂದು ವೈದ್ಯರ ಅಂದಾಜು. ಅರವತ್ತರ ಮೇಲೆ ಈ ಇಳಿತ ಇನ್ನೂ ಚುರುಕು. ಗಾತ್ರಕ್ಕಿಂತಲೂ ಬಲ ಬೇಗ ಇಳಿಯುತ್ತದೆ. ಇದು ಕನ್ನಡಿಯಲ್ಲಿ ಕಾಣುವ ಸಂಗತಿಯಲ್ಲ. ಒಂದು ದಿನ ನೆಲದ ಮೇಲೆ ಊಟಕ್ಕೆ ಕುಳಿತವರು ಏಳುವಾಗ ಗೋಡೆ ಹಿಡಿಯುತ್ತಾರೆ. ಇನ್ನೊಂದು ದಿನ ಬಸ್ಸಿನ ಮೆಟ್ಟಿಲು ಎತ್ತರವಾಯಿತೆನ್ನುತ್ತಾರೆ. ಮತ್ತೊಂದು ದಿನ ಬಚ್ಚಲ ಹೊಸ್ತಿಲಿಗೆ ಕಾಲು ತಾಗುತ್ತದೆ. ತಡೆದು ನಿಲ್ಲಿಸಬೇಕಾದ ತೊಡೆಗೆ ಬಲವಿಲ್ಲ. ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಆಮೇಲೆ ಅವರ ಬಾಳೂ ಅವರನ್ನು ನೋಡಿಕೊಳ್ಳುವವರ ಬಾಳೂ ಮೊದಲಿನಂತಿರುವುದಿಲ್ಲ. ಬಲದ ಪ್ರಶ್ನೆ ಅಂದಚೆಂದದ ಪ್ರಶ್ನೆಯಲ್ಲ. ಮುಪ್ಪಿನಲ್ಲಿ ಇನ್ನೊಬ್ಬರ ಕೈ ಬೇಡದೆ ಎದ್ದು ನಿಲ್ಲುವ ಸ್ವಾತಂತ್ರ್ಯದ ಪ್ರಶ್ನೆ.

ಹೋದ ಬಲ ಮರಳಿ ಬರುವುದೇ? ಬರುತ್ತದೆ. ೧೯೯೦ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಒಂಬತ್ತು ಮಂದಿ ಕೊನೆಯವರೆಗೆ ನಿಂತರು. ಅವರ ಕಾಲಿನ ಬಲ ಸರಾಸರಿ ಶೇಕಡಾ ೧೭೪ರಷ್ಟು ಹೆಚ್ಚಿತ್ತು. ಅವರು ಬಳಸಿದ್ದು ಎಳೆಹಲಗೆಯನ್ನಲ್ಲ. ಆದರೆ ಸ್ನಾಯುವಿಗೆ ವಯಸ್ಸಾದರೂ ಕಲಿಯುವ ಗುಣ ಹೋಗುವುದಿಲ್ಲವೆಂಬುದು ಅಲ್ಲಿ ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಕೊಟ್ಟ ಸಲಹೆಯೂ ಇದಕ್ಕೆ ಹೊಂದುತ್ತದೆ: ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು; ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸ ಮಾಡಬೇಕು. ಬೆಳಗಿನ ನಡಿಗೆಯಿಂದ ಮೊದಲನೆಯದು ಆದೀತು, ಎರಡನೆಯದು ಆಗದು. ಎಳೆಹಲಗೆಯಲ್ಲಿ ಎರಡೂ ಸೇರಿವೆ.

ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಸೂಚನೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಭಾರ ಎತ್ತುವವನ ಎದುರಾಳಿ ಭೂಮಿಯ ಸೆಳೆತ. ಭಾರ ಎಳೆಯುವವನ ಎದುರಾಳಿ ಘರ್ಷಣೆ, ಎಂದರೆ ಹಲಗೆಗೂ ನೆಲಕ್ಕೂ ನಡುವಿನ ತಿಕ್ಕಾಟ. ೧೬೯೯ರಲ್ಲಿ ಫ್ರಾನ್ಸಿನ ಅಮೊಂತೊನ್ ಎಂಬುವನು ಈ ತಿಕ್ಕಾಟ ಹೇರಿದ ಭಾರಕ್ಕೆ ತಕ್ಕಂತೆ ಏರುತ್ತದೆಂದು ತೋರಿಸಿದ. ಅದೇ ದೇಶದ ಕೂಲೋಮನು ೧೭೮೫ರಲ್ಲಿ ಪ್ರಕಟಿಸಿದ ಬರೆಹದಲ್ಲಿ ಇನ್ನಷ್ಟು ಸೇರಿಸಿದ: ನಿಂತ ವಸ್ತುವನ್ನು ಅಲುಗಿಸುವುದಕ್ಕೆ ಬೇಕಾದ ಬಲ ಹೆಚ್ಚು, ಜಾರುತ್ತಿರುವುದನ್ನು ಜಾರಿಸಲು ಬೇಕಾದ ಬಲ ಕಡಿಮೆ, ಜಾರತೊಡಗಿದ ಮೇಲೆ ವೇಗ ಹೆಚ್ಚಿಸಿದರೂ ತಿಕ್ಕಾಟ ಬಹುಮಟ್ಟಿಗೆ ಅಷ್ಟೇ. ರಬ್ಬರಿನಂಥ ಮೆತ್ತನೆಯ ವಸ್ತುವಿನಲ್ಲಿ ಈ ನಿಯಮಗಳು ಸ್ವಲ್ಪ ಅತ್ತಿತ್ತ ಆಗುತ್ತವೆ. ನಮ್ಮ ಕೆಲಸಕ್ಕೆ ಇಷ್ಟು ಸಾಕು.

ಇದರಿಂದ ನಮಗೆ ತಿಳಿಯುವುದೇನು? ಮೊದಲನೆಯದಾಗಿ, ಹಲಗೆಯ ಮೇಲಿನ ಭಾರ ೨೦ ಕಿಲೋ ಎಂದ ಮಾತ್ರಕ್ಕೆ ನೀವು ೨೦ ಕಿಲೋ ಎಳೆಯುತ್ತಿಲ್ಲ. ನೆಲ ಹೇಗಿದೆಯೋ ಅದರಂತೆ ಅದರ ಅರ್ಧವೋ ಮುಕ್ಕಾಲೋ ಕಾಲುಭಾಗವೋ ನಿಮ್ಮ ಸೊಂಟಕ್ಕೆ ಬರುತ್ತದೆ. ಹಗ್ಗದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆದು ನೋಡಿದರೆ ನಿಜವಾದ ಲೆಕ್ಕ ಸಿಕ್ಕುತ್ತದೆ. ಎರಡನೆಯದಾಗಿ, ಬಲ ಬೇಕೆಂದರೆ ಭಾರ ಹೆಚ್ಚಿಸಬೇಕು. ದಮ್ಮು ಬೇಕೆಂದರೆ ಅದೇ ಭಾರವನ್ನು ಚುರುಕಾಗಿ ಎಳೆಯಬೇಕು. ವೇಗ ಇಮ್ಮಡಿಯಾದರೆ ತಿಕ್ಕಾಟ ಇಮ್ಮಡಿಯಾಗದು, ಆದರೆ ಪ್ರತಿ ಸೆಕೆಂಡಿಗೆ ನೀವು ಮಾಡುವ ಕೆಲಸ ಇಮ್ಮಡಿಯಾಗುತ್ತದೆ. ಅದನ್ನು ನಿಮ್ಮ ಉಸಿರೇ ಹೇಳುತ್ತದೆ. ಮೂರನೆಯದಾಗಿ, ನೀವು ನಿಂತರೆ ಹಲಗೆಯೂ ನಿಲ್ಲುತ್ತದೆ. ತಲೆಯ ಮೇಲೆ ಬೀಳುವ ಭಾರ ಇಲ್ಲಿಲ್ಲ. ಒಬ್ಬರೇ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ.

ನೆಲದ ಗುಣ ಎಷ್ಟು ಮುಖ್ಯವೆಂಬುದಕ್ಕೆ ಈಜಿಪ್ಟಿನ ಒಂದು ಹಳೆಯ ಚಿತ್ರ ಸಾಕ್ಷಿಯಾಗಿದೆ. ಅಲ್ಲಿನ ದೇರ್ ಎಲ್ ಬರ್ಷಾದಲ್ಲಿರುವ ಜೆಹುತಿಹೊತೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ, ಸುಮಾರು ಮೂರು ಸಾವಿರದ ಒಂಬೈನೂರು ವರ್ಷಗಳ ಹಿಂದೆ ಬರೆದದ್ದು. ಮರದ ಜಾರುಬಂಡಿಯ ಮೇಲೆ ದೈತ್ಯಾಕಾರದ ಕಲ್ಲಿನ ವಿಗ್ರಹ. ಸಾಲುಸಾಲಾಗಿ ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮುಂತುದಿಯಲ್ಲಿ ಒಬ್ಬ ನಿಂತು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಬಹುಕಾಲ ಇದನ್ನು ಪೂಜೆಯ ವಿಧಿಯೆಂದು ತಿಳಿದವರಿದ್ದರು. ೨೦೧೪ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ, ಮರಳಿಗೆ ಹದವಾಗಿ ನೀರು ಬೆರೆತರೆ ಎಳೆಯಲು ಬೇಕಾದ ಬಲ ಅರ್ಧದಷ್ಟಕ್ಕೆ ಇಳಿಯುವುದೆಂದು ಕಂಡಿತು. ಒಣ ಮರಳು ಬಂಡಿಯ ಮುಂದೆ ಗುಡ್ಡೆಗಟ್ಟುತ್ತದೆ, ಹದವಾಗಿ ನೆನೆದ ಮರಳು ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದ ಮಳೆ ಬಂದ ಮರುದಿನ ಹಲಗೆ ಹಗುರವೆನಿಸಿದರೆ ನಿಮ್ಮ ಬಲ ಒಂದೇ ರಾತ್ರಿಯಲ್ಲಿ ಹೆಚ್ಚಿತೆಂದು ಹಿಗ್ಗಬೇಡಿ. ಭಾರವೆನಿಸಿದರೆ ಕುಗ್ಗಲೂ ಬೇಡಿ. ಒಂದೇ ನೆಲದ ಮೇಲೆ, ಒಂದೇ ಬಗೆಯ ದಿನ ಎಳೆದದ್ದನ್ನು ಮಾತ್ರ ಹೋಲಿಸಿ ನೋಡಬೇಕು.

ಎಳೆತಕ್ಕೆ ಇನ್ನೊಂದು ವಿಶೇಷವಿದೆ. ನಮ್ಮ ಸ್ನಾಯು ಎರಡು ಬಗೆಯಾಗಿ ದುಡಿಯುತ್ತದೆ. ಕೊಡ ಎತ್ತುವಾಗ ತೋಳಿನ ಸ್ನಾಯು ಕುಗ್ಗುತ್ತ ಬಲ ಕೊಡುತ್ತದೆ. ಅದೇ ಕೊಡವನ್ನು ಮೆಲ್ಲಗೆ ಇಳಿಸುವಾಗ ಹಿಗ್ಗುತ್ತ ಬಲ ಕೊಡುತ್ತದೆ. ೧೯೫೨ರಲ್ಲಿ ಲಂಡನ್ನಿನ ಆಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ವಿಜ್ಞಾನಿಗಳು ಇದನ್ನು ಸೊಗಸಾಗಿ ತೋರಿಸಿಕೊಟ್ಟರು. ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ ಸರಪಳಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ಆ ತುಳಿತವನ್ನು ತಡೆಯಬೇಕು. ಇಬ್ಬರ ಕಾಲಿನ ಬಲವೂ ಸಮ. ಆದರೂ ತುಳಿಯುವವರಿಗೆ ಬೇಕಾದ ಆಮ್ಲಜನಕ ತಡೆಯುವವರಿಗಿಂತ ಬಹಳ ಹೆಚ್ಚು. ಹಿಗ್ಗುತ್ತ ದುಡಿಯುವ ಸ್ನಾಯುವಿಗೆ ಉಸಿರಿನ ಖರ್ಚು ಕಡಿಮೆ. ಆದರೆ ಅಭ್ಯಾಸವಿಲ್ಲದವರಿಗೆ ಮರುದಿನ ಮೈಕೈ ನೋವು ತರುವುದು ಮುಖ್ಯವಾಗಿ ಆ ಬಗೆಯ ದುಡಿಮೆಯೇ. ಬೆಟ್ಟ ಹತ್ತಿದವರಿಗೆ ಏದುಸಿರು, ಇಳಿದವರಿಗೆ ತೊಡೆನೋವು ಎಂಬುದು ನಿಮಗೆ ಗೊತ್ತೇ ಇದೆ. ಎಳೆಹಲಗೆ ಹೆಚ್ಚಾಗಿ ಹತ್ತುವ ಬಗೆಯದು. ಎಳೆದು ಮುಂದಕ್ಕೆ ತಂದದ್ದನ್ನು ಮತ್ತೆ ಇಳಿಸಬೇಕಾಗಿಲ್ಲ. ಆದ್ದರಿಂದ ಉಸಿರು ಬೇಗ ಏರುತ್ತದೆ, ಮರುದಿನ ನೋವು ಕಡಿಮೆ. ಹೊಸಬರು ಎರಡನೆಯ ದಿನವೇ ವ್ಯಾಯಾಮ ಬಿಡುವುದು ಸಾಮಾನ್ಯವಾಗಿ ಆ ನೋವಿನಿಂದಲೇ. ಇಲ್ಲಿ ಆ ನೆಪವಿಲ್ಲ.

ಈಗ ಸಾಮಾನುಗಳನ್ನು ಹೊಂದಿಸೋಣ. ಕಬ್ಬಿಣದ ಸ್ಲೆಡ್ ಕೊಳ್ಳಬೇಕಾಗಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಸವೆದ ಕಾರಿನ ಟಯರೊಂದನ್ನು ಕೇಳಿ ತನ್ನಿ. ಅದನ್ನು ನೆಲದ ಮೇಲೆ ಮಲಗಿಸಿ, ನಡುವಿನ ತೂತಿನ ಮೇಲೆ ಒಂದು ಹಲಗೆಯ ತುಂಡನ್ನು ಬಿಗಿಯಾಗಿ ಕಟ್ಟಿ. ಹಲಗೆಯ ಮೇಲೆ ಮರಳು ತುಂಬಿ ಬಾಯಿ ಹೊಲಿದ ಚೀಲಗಳನ್ನು ಇಡಿ. ಐದೈದು ಕಿಲೋ ಚೀಲಗಳಾದರೆ ಏರಿಸಲು ಇಳಿಸಲು ಅನುಕೂಲ. ಟಯರಿಗೆ ಸುತ್ತಿ ಗಂಟು ಹಾಕಿದ ಹಗ್ಗ ಹತ್ತು ಹನ್ನೆರಡು ಅಡಿ ಉದ್ದವಿರಲಿ. ಹಗ್ಗ ಗಿಡ್ಡವಾದರೆ ಅದು ಟಯರನ್ನು ಮೇಲಕ್ಕೂ ಎತ್ತುತ್ತದೆ. ಉದ್ದವಾದಷ್ಟೂ ಎಳೆತ ನೆಲಕ್ಕೆ ಸಮನಾಗಿ ಸಾಗುತ್ತದೆ. ಹಗ್ಗವನ್ನು ನೇರವಾಗಿ ಸೊಂಟಕ್ಕೆ ಬಿಗಿಯಬೇಡಿ, ಕೊಯ್ಯುತ್ತದೆ. ನಾಲ್ಕು ಬೆರಳಗಲದ ಗಟ್ಟಿ ಬಟ್ಟೆಯ ಪಟ್ಟಿಯನ್ನು ಸೊಂಟದ ಮೂಳೆಯ ಮಟ್ಟದಲ್ಲಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಟಯರನ್ನು ಹಿತ್ತಿಲಲ್ಲಿ ಮಲಗಿಸಿ ಬಿಟ್ಟರೆ ಅದರ ಹೊಟ್ಟೆಯಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗೀ ಹರಡುವ ಸೊಳ್ಳೆಗೆ ಅದಕ್ಕಿಂತ ಇಷ್ಟವಾದ ತೊಟ್ಟಿಲಿಲ್ಲ. ಕೆಳಭಾಗದಲ್ಲಿ ನಾಲ್ಕಾರು ತೂತು ಕೊರೆಸಿ, ಕೆಲಸ ಮುಗಿದ ಮೇಲೆ ಸೂರಿನಡಿ ಒಣಗಿದ ಜಾಗದಲ್ಲಿ ಇಡಿ. ಆರೋಗ್ಯಕ್ಕೆಂದು ತಂದ ವಸ್ತುವಿನಿಂದ ಬೀದಿಗೆಲ್ಲ ಜ್ವರ ಬರಬಾರದು.

ಎಲ್ಲಿ ಎಳೆಯಬೇಕು? ಹಿತ್ತಿಲು, ಮೈದಾನ, ಗಾಡಿಗಳ ಓಡಾಟವಿಲ್ಲದ ಓಣಿ ಇವು ಸರಿ. ತಾರಸಿಯ ಮೇಲೆ ಬೇಡ; ಗಾರೆ ಸವೆಯುತ್ತದೆ, ಕೆಳಗಿನವರ ನೆಮ್ಮದಿಯೂ ಸವೆಯುತ್ತದೆ. ಇಳಿಜಾರೂ ಬೇಡ. ಅಂಗಳವೇ ಇಲ್ಲದ ಮನೆಯವರು ನಿರಾಶರಾಗಬೇಕಿಲ್ಲ. ಹಳೆಯ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಅಕ್ಕಿಯ ಮೂಟೆ ಇಟ್ಟು, ಜಮಖಾನದ ಎರಡು ಮೂಲೆಗೆ ಹಗ್ಗ ಕಟ್ಟಿ ನಡುಮನೆಯಲ್ಲಿಯೇ ಎಳೆಯಬಹುದು. ನಯವಾದ ನೆಲದಲ್ಲಿ ಬಟ್ಟೆ ಸುಲಭವಾಗಿ ಜಾರುತ್ತದೆ, ಆದ್ದರಿಂದ ಭಾರ ಹೆಚ್ಚು ಬೇಕಾದೀತು. ನಿಮ್ಮ ಕಾಲು ಜಾರದಂತೆ ರಬ್ಬರ್ ತಳದ ಬೂಟು ಹಾಕಿಕೊಳ್ಳಿ.

ಎಳೆಯುವ ಬಗೆ ಮೂರು. ಮೊದಲನೆಯದು ಮುಂದಕ್ಕೆ ನಡೆಯುವುದು. ಹಗ್ಗ ಬಿಗಿಯಾಗುವವರೆಗೆ ಮೆಲ್ಲಗೆ ಮುಂದೆ ಬನ್ನಿ. ಸಡಿಲ ಹಗ್ಗವನ್ನು ಒಮ್ಮೆಲೇ ಜಗ್ಗಿದರೆ ಸೊಂಟ ಉಳುಕುತ್ತದೆ. ಇಡೀ ಮೈಯನ್ನು ಹಿಮ್ಮಡಿಯಿಂದ ತಲೆಯವರೆಗೆ ಒಂದೇ ಗೆರೆಯಾಗಿ ಮುಂದಕ್ಕೆ ಬಾಗಿಸಿ, ಬೆನ್ನು ಗೂನಾಗಬಾರದು. ಹೆಜ್ಜೆ ಚಿಕ್ಕದು, ಒತ್ತು ಗಟ್ಟಿ. ಎರಡನೆಯದು ಹಿಂದಕ್ಕೆ ನಡೆಯುವುದು. ಹಲಗೆಯ ಕಡೆಗೆ ಮುಖ ಮಾಡಿ, ಹಗ್ಗವನ್ನು ಎರಡು ಕೈಗಳಲ್ಲಿ ಹಿಡಿದು, ಮಂಡಿಯನ್ನು ಸ್ವಲ್ಪ ಬಗ್ಗಿಸಿ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಇದರಲ್ಲಿ ತೊಡೆಯ ಮುಂಭಾಗ ಬೇಗ ಬಿಸಿಯಾಗುತ್ತದೆ. ಮಂಡಿಯನ್ನು ಹಿಡಿದು ನಿಲ್ಲಿಸುವ ಸ್ನಾಯು ಅದೇ. ಹಿಂದೆ ಕಲ್ಲು, ಚರಂಡಿ, ಮಗು ಇಲ್ಲವೆಂದು ಮೊದಲೇ ನೋಡಿಕೊಳ್ಳಿ. ಮೂರನೆಯದು ನೀರು ಸೇದುವ ಬಗೆ. ಕಾಲು ಅಗಲಿಸಿ ನಿಂತು, ದೂರದಲ್ಲಿರುವ ಹಲಗೆಯನ್ನು ಕೈಯ ಮೇಲೆ ಕೈ ಹಾಕಿ ಹಗ್ಗದಿಂದ ಬಳಿಗೆ ಎಳೆದುಕೊಳ್ಳುವುದು. ಬಾವಿ ಸೇದಿದ ಹಿರಿಯರು ಮನೆಯಲ್ಲಿದ್ದರೆ ಅವರೇ ನಿಮಗೆ ಗುರುಗಳು.

ಎಷ್ಟು ಎಳೆಯಬೇಕು? ಮೊದಲ ವಾರ ಟಯರು, ಅದರ ಮೇಲೆ ಒಂದೇ ಚೀಲ. ಐದು ನಿಮಿಷ ಬರಿ ನಡಿಗೆಯಿಂದ ಮೈ ಬಿಸಿಮಾಡಿಕೊಳ್ಳಿ. ಆಮೇಲೆ ಇಪ್ಪತ್ತು ಹೆಜ್ಜೆ ಎಳೆಯಿರಿ, ಒಂದು ನಿಮಿಷ ನಿಲ್ಲಿ. ಇಂಥ ಆರು ಸುತ್ತು: ಮೂರು ಮುಂದಕ್ಕೆ, ಮೂರು ಹಿಂದಕ್ಕೆ. ಕೊನೆಗೆ ಎರಡು ಸಲ ಸೇದುವುದು. ಒಟ್ಟು ಇಪ್ಪತ್ತು ನಿಮಿಷ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನವಾದರೂ ಬಿಡುವು. ಸೋಮವಾರ, ಗುರುವಾರ ಎಂದು ಇಟ್ಟುಕೊಳ್ಳಬಹುದು. ಎಳೆದು ನಿಂತ ಕೂಡಲೇ ಒಂದು ಪೂರ್ಣ ವಾಕ್ಯ ಹೇಳಲು ಸಾಧ್ಯವಾದರೆ ಭಾರ ಸರಿ. ಎರಡು ಮಾತಿಗೇ ಉಸಿರು ಕಟ್ಟಿದರೆ ಭಾರ ಹೆಚ್ಚು. ಆರು ಸುತ್ತೂ ಸುಲಭವೆನಿಸಿದ ವಾರ ಒಂದನ್ನು ಮಾತ್ರ ಹೆಚ್ಚಿಸಿ: ಐದು ಕಿಲೋ, ಇಲ್ಲವೇ ಐದು ಹೆಜ್ಜೆ, ಇಲ್ಲವೇ ಒಂದು ಸುತ್ತು. ಮೂರನ್ನೂ ಒಟ್ಟಿಗೆ ಏರಿಸಬೇಡಿ. ಬೆನ್ನು ಮುರಿಯುವ ದುಡಿಮೆಗೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಭಾರವನ್ನು ಆರಿಸುವವರು ನೀವು, ನಿಲ್ಲುವ ಹೊತ್ತನ್ನು ಹೇಳುವವರೂ ನೀವೇ.

ಎಳೆಯುವಾಗ ಉಸಿರು ಬಿಗಿಹಿಡಿಯಬಾರದು. ಬಿಗಿಹಿಡಿದು ಮುಕ್ಕಿದರೆ ರಕ್ತದ ಒತ್ತಡ ತಟ್ಟನೆ ಮೇಲೇರುತ್ತದೆ. ಹೆಜ್ಜೆಗಳನ್ನು ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಓಡಾಡುತ್ತದೆ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಅಂಡವಾಯು ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಬಸುರಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಹಗ್ಗ ಮುಟ್ಟಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಬರಿಗಾಲಿನಲ್ಲಿ ಎಳೆಯಲೇಬಾರದು. ಆಮೇಲೆ ಪಾದವನ್ನು ತಿರುಗಿಸಿ ನೋಡಿಕೊಳ್ಳಬೇಕು. ಎದೆ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ. ಎದೆಯ ಬಿಗಿತ, ನೋವುಗಳಿಗಂತೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೇಸಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.

ಎಳೆಹಲಗೆ ಒಂದೇ ಎಲ್ಲಕ್ಕೂ ಸಾಕೆಂದು ಹೇಳಿದರೆ ತಪ್ಪಾಗುತ್ತದೆ. ಇಳಿಸುವ ದುಡಿಮೆ ಇದರಲ್ಲಿಲ್ಲವೆಂಬುದು ಹೊಸಬರಿಗೆ ಅನುಕೂಲವೆಂದೆವು. ಅದೇ ಇದರ ಕೊರತೆಯೂ ಹೌದು. ಮೆಟ್ಟಿಲಿಳಿಯುವಾಗ, ಎಡವಿದ ಕಾಲನ್ನು ತಡೆಯುವಾಗ ಸ್ನಾಯು ಹಿಗ್ಗುತ್ತಲೇ ಬಲ ಕೊಡಬೇಕು. ಅದಕ್ಕೆ ಗರಡಿಯ ಬಸ್ಕಿಯೇ ಇದೆ. ಗೋಡೆಗೊರಗಿಸಿದ ಕುರ್ಚಿಯ ಮುಂದೆ ನಿಂತು, ನಾಲ್ಕು ಎಣಿಸುವಷ್ಟು ನಿಧಾನವಾಗಿ ಕುಳಿತು ಏಳಿ. ಇದನ್ನು ಹತ್ತು ಸಲ ಮಾಡಿ. ತೋಳು ಎದೆಗಳಿಗೆ ಗೋಡೆಗೆ ಕೈಯೂರಿ ಹತ್ತು ದಂಡೆ ಹೊಡೆಯಿರಿ. ಅಲ್ಲಿಗೆ ಒಂದು ಚಿಕ್ಕ ಗರಡಿ ನಿಮ್ಮ ಮನೆಯಲ್ಲಿಯೇ ಆಯಿತು.

ಹಗ್ಗ ಹಿಡಿಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಕುರ್ಚಿಯಲ್ಲಿ ಕುಳಿತು ಕೈಗಳನ್ನು ಎದೆಯ ಮೇಲೆ ಕಟ್ಟಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ? ಮನೆಯವರು ಗಡಿಯಾರ ನೋಡಲಿ. ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಬರೆದಿಡಿ. ಎಂಟು ವಾರ ಕಳೆದ ಮೇಲೆ ಅದೇ ಕುರ್ಚಿಯಲ್ಲಿ ಮತ್ತೊಮ್ಮೆ ಎಣಿಸಿ, ಎರಡನ್ನೂ ಹೋಲಿಸಿ ನೋಡಿ. ಮನೆಯಲ್ಲಿ ಅರವತ್ತು ದಾಟಿದ ತಂದೆತಾಯಿಗಳಿದ್ದರೆ ಅವರ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಿರಿ. ವೈದ್ಯರು ಒಪ್ಪಿದರೆ ಅವರಿಗೂ ಒಂದು ಹಗುರವಾದ ಹಲಗೆ ಕಟ್ಟಿಕೊಡಿ. ಮೊದಲ ದಿನ ಅವರ ಪಕ್ಕದಲ್ಲಿಯೇ ನಡೆಯಿರಿ.